ಗೇರ್ ಲಿವರ್ ಲೊಡಲೊಡ ಅಂದರೆ ಮೊದಲು ಎಲ್ಲಿ ನೋಡಬೇಕು?

ಹಳೇ ಕಾರಿನ ಗೇರು ಸರಿಯಾಗಿ ಬೀಳದಿದ್ದರೆ ನಮ್ಮ ಕಡೆ ಎರಡೇ ಮಾತು. ಒಂದು, "ಕ್ಲಚ್ ಪ್ಲೇಟ್ ಹೋಯ್ತು." ಇನ್ನೊಂದು, "ಗೇರ್ ಬಾಕ್ಸ್ ಇಳಿಸ್ಬೇಕು." ಕೈಯಲ್ಲಿರುವ ಲಿವರಿಗೂ ಎಂಜಿನ್ ಪಕ್ಕದ ಗೇರ್ ಬಾಕ್ಸಿಗೂ ನಡುವೆ ಕಬ್ಬಿಣದ ರಾಡುಗಳಿವೆ, ಅವುಗಳ ಕೀಲುಗಳಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರಿನ, ನೈಲಾನಿನ ಬಳೆಗಳಿವೆ, ಅವೇ ಬುಷ್‌ಗಳು, ಅವೂ ಸವೆಯುತ್ತವೆ ಅನ್ನುವುದು ಯಾರಿಗೂ ನೆನಪಾಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡವನು ನಾನು. ಗೇರ್ ಬಾಕ್ಸ್ ಬಿಚ್ಚಿಸಲೆಂದೇ ಬಂದ ಕಾರುಗಳನ್ನು ಬುಷ್ ಹಾಕಿ ವಾಪಸ್ ಕಳಿಸಿದ್ದು ಎಷ್ಟೋ ಸಲ. ಬುಷ್ ಕಿಟ್ಟಿಗೆ ಆಗುವುದು ಕೆಲವು ನೂರು ರೂಪಾಯಿ. ಗೇರ್ ಬಾಕ್ಸ್ ಇಳಿಸಿದರೆ ಕೂಲಿಯೇ ಅದರ ಹಲವು ಪಟ್ಟು. ಅದಕ್ಕೇ ಗೇರ್ ಬಾಕ್ಸಿನ ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಮನೆಯಲ್ಲೇ ಮಾಡಿಕೊಳ್ಳಬಹುದಾದ ತಪಾಸಣೆಯನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಕಾರು ರಸ್ತೆಗೆ ಬಂತು, 1986ರಲ್ಲಿ ಬಾಡಿ ಬದಲಾಯಿತು, 2014ರಲ್ಲಿ ತಯಾರಿಕೆಯೇ ನಿಂತಿತು. ಆದರೂ ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಅದು ಇನ್ನೂ ಇದೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಡ್ಡ ಕೂತಿರುತ್ತದೆ, ಅದರ ಪಕ್ಕಕ್ಕೇ ಗೇರ್ ಬಾಕ್ಸ್. ಹಳೆಯವುಗಳಲ್ಲಿ ನಾಲ್ಕು ಗೇರು, ಆಮೇಲಿನ ಕೆಲವುಗಳಲ್ಲಿ ಐದು. ಲಿವರಿಗೂ ಗೇರ್ ಬಾಕ್ಸಿಗೂ ರಾಡಿನ ಲಿಂಕೇಜ್, ಅಂದರೆ ಜೋಡಣೆ, ಇರುವ ಬೇರೆ ಮುಂದಿನ ಚಕ್ರ ಎಳೆಯುವ ಕಾರುಗಳಿಗೂ ಇದೇ ಲೆಕ್ಕ. ಕೇಬಲ್ ಲಿಂಕೇಜಿನ ಕಾರಾದರೆ ರಾಡ್ ಅಂದಲ್ಲಿ ಕೇಬಲ್ ಅಂತ ಓದಿಕೊಳ್ಳಿ. ತುದಿಗಳಲ್ಲಿ ಬುಷ್ ಅಲ್ಲಿಯೂ ಇರುತ್ತದೆ.

ಮೊದಲು ಅದು ಕೆಲಸ ಮಾಡುವ ಬಗೆ ತಿಳಿದಿರಲಿ. ಇಲ್ಲದಿದ್ದರೆ ಕೆಳಗೆ ಮಲಗಿದರೂ ಏನೂ ಕಾಣುವುದಿಲ್ಲ. ಲಿವರಿನ ನಡುವೆ ಒಂದು ಗುಂಡು ಇದೆ, ಅದು ಬಟ್ಟಲಿನಂಥ ಸೀಟಿನಲ್ಲಿ ಕೂತಿದೆ. ಕೈಯನ್ನು ಮುಂದೆ ತಳ್ಳಿದರೆ ಲಿವರಿನ ಕೆಳತುದಿ ಹಿಂದೆ ಹೋಗುತ್ತದೆ. ಆ ಕೆಳತುದಿಗೆ ಒಂದು ಉದ್ದ ರಾಡು ಸಿಕ್ಕಿಸಿದೆ, ಅದರ ಇನ್ನೊಂದು ತುದಿ ಗೇರ್ ಬಾಕ್ಸಿನಿಂದ ಹೊರಗೆ ಬಂದ ಶಾಫ್ಟಿಗೆ ಬೋಲ್ಟಿನಲ್ಲಿ ಕೂಡಿಕೊಂಡಿದೆ. ಈ ಒಂದೇ ರಾಡು ಎರಡು ಕೆಲಸ ಮಾಡಬೇಕು. ಲಿವರನ್ನು ಅಡ್ಡಕ್ಕೆ ಸರಿಸಿದರೆ ರಾಡು ತಿರುಗುತ್ತದೆ, ಒಂದು–ಎರಡರ ಸಾಲೋ ಮೂರು–ನಾಲ್ಕರ ಸಾಲೋ ಅಂತ ಆರಿಸುವುದು ಆ ತಿರುಗುವಿಕೆ. ಮುಂದೆ ಹಿಂದೆ ಮಾಡಿದರೆ ರಾಡು ಸರಿಯುತ್ತದೆ, ಗೇರು ಬೀಳುವುದು ಆ ಸರಿಯುವಿಕೆಯಿಂದ. ಇದು ತಲೆಯಲ್ಲಿ ಕೂತರೆ ಅರ್ಧ ರೋಗ ಡ್ರೈವರ್ ಸೀಟಿನಲ್ಲೇ ಗೊತ್ತಾಗುತ್ತದೆ. ಯಾವ ಸಾಲು ಅಂತ ಸಿಗುತ್ತಿಲ್ಲವಾದರೆ ತಿರುಗುವಿಕೆ ಎಲ್ಲೋ ಕಳೆದುಹೋಗುತ್ತಿದೆ. ಸಾಲು ಸಿಕ್ಕಿಯೂ ಗೇರು ಪೂರ್ತಿ ಕೂರುತ್ತಿಲ್ಲವಾದರೆ ಸರಿಯುವಿಕೆ ಕಳೆದುಹೋಗುತ್ತಿದೆ.

ಇದರ ಜೊತೆಗೆ ಇನ್ನೊಂದು ರಾಡು ಇದೆ, ಎಕ್ಸ್‌ಟೆನ್ಷನ್ ರಾಡು ಅನ್ನುತ್ತಾರೆ. ಅದು ಗೇರನ್ನು ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ. ಲಿವರಿನ ಬುಡವನ್ನು ಗೇರ್ ಬಾಕ್ಸಿನ ಮೈಗೆ ಕಟ್ಟಿ ಹಿಡಿಯುವುದಷ್ಟೇ ಅದರ ಕೆಲಸ. ಅದರ ಕಥೆ ಆಮೇಲೆ.

ನಮ್ಮ ಮಲೆನಾಡಿನಲ್ಲಿ ಇವೆಲ್ಲ ಬೇಗ ಸವೆಯುವುದಕ್ಕೆ ಕಾರಣಗಳಿವೆ. ರಾಡು ಹಾದುಹೋಗುವುದು ಸೈಲೆನ್ಸರ್ ಪೈಪಿನ ಪಕ್ಕದಲ್ಲೇ. ಬೇಸಿಗೆಯೆಲ್ಲ ಆ ಬಿಸಿಗೆ ರಬ್ಬರು ಒಣಗಿ ಸೀಳುತ್ತದೆ. ಜೂನ್ ಬಂದರೆ ಮಣ್ಣು ರಸ್ತೆಯ ಕೆಸರು ನೀರು ಆ ಸೀಳಿನಿಂದ ಒಳಗೆ ಹೋಗುತ್ತದೆ. ಒಳಗಿನ ಗ್ರೀಸು ಕೆಂಪು ಮಣ್ಣಿನ ಜೊತೆ ಸೇರಿದ ಮೇಲೆ ಅದು ಗ್ರೀಸಲ್ಲ, ಉಪ್ಪು ಕಾಗದ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಇದೇ ಕೀಲು ತುಕ್ಕು ಹಿಡಿದು ಬಿಗಿಯಾಗಿರುವುದೂ ಇದೆ. ಆಗ ಲಿವರು ಲೊಡಲೊಡ ಅನ್ನುವುದಿಲ್ಲ, ಅಲುಗುವುದೇ ಇಲ್ಲ. ಆಗಲೂ ನೋಡಬೇಕಾದ ಜಾಗ ಅದೇ.

ಕಾರಿನ ಕೆಳಗೆ ಹೋಗುವ ಮೊದಲು

ಗೇರಿನ ಗುಬ್ಬಿಯನ್ನು ತಿರುಗಿಸಿ ನೋಡಿ. ನಗಬೇಡಿ. ಥ್ರೆಡ್ ಸವೆದು ಬರೀ ಗುಬ್ಬಿ ಅಲ್ಲಾಡುತ್ತಿರುವುದನ್ನೇ "ಗೇರ್ ಲೂಸ್" ಎಂದು ತಂದವರಿದ್ದಾರೆ. ಆಮೇಲೆ ಕಾಲಡಿಯ ಮ್ಯಾಟ್ ನೋಡಿ. ದಪ್ಪ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಸಿದ್ದರೆ ಕ್ಲಚ್ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಗೇರು ಕರ್ರ್ ಅನ್ನುತ್ತದೆ. ಎರಡನ್ನೂ ತೆಗೆದು ನೋಡಿ.

ಈಗ ಮುಖ್ಯವಾದ ಪರೀಕ್ಷೆ. ಕಾರು ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿ. ಕ್ಲಚ್ ತುಳಿದು ಎಲ್ಲಾ ಗೇರನ್ನೂ ನಿಧಾನವಾಗಿ ಹಾಕಿ ತೆಗೆಯಿರಿ, ರಿವರ್ಸನ್ನೂ ಬಿಡಬೇಡಿ. ಒಂದೊಂದು ಸಲ ಯಾವುದೋ ಗೇರು ಅಡ್ಡ ನಿಲ್ಲುತ್ತದೆ, ಕ್ಲಚ್ ಬಿಟ್ಟು ಮತ್ತೆ ತುಳಿದರೆ ಹೋಗುತ್ತದೆ. ಒಳಗೆ ಹಲ್ಲಿಗೆ ಹಲ್ಲು ಎದುರಾಗಿತ್ತು ಅಂತ ಅರ್ಥ, ಅದು ದೋಷವಲ್ಲ. ನಂತರ ಎಂಜಿನ್ ಚಾಲೂ ಮಾಡಿ ಅದನ್ನೇ ಮಾಡಿ.

ಎಂಜಿನ್ ಬಂದ್ ಇದ್ದಾಗ ಬೆಣ್ಣೆಯಂತೆ ಬಿದ್ದ ಗೇರು ಚಾಲೂ ಆದ ಮೇಲೆ ಹಠ ಮಾಡಿದರೆ ಲಿಂಕೇಜನ್ನು ಬೈಯಬೇಡಿ, ಅದು ಕ್ಲಚ್ಚಿನ ಕೆಲಸ. ಖಚಿತ ಮಾಡಿಕೊಳ್ಳಲು ಕ್ಲಚ್ ಪೂರ್ತಿ ತುಳಿದು, ಮೂರು ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಗೇರು ಕೂಡುವ ಮೊದಲು ಎರಡರ ವೇಗವನ್ನೂ ಸಮ ಮಾಡುವ ಸಿಂಕ್ರೊ ರಿವರ್ಸಿಗೆ ಇಲ್ಲ. ಅಷ್ಟು ಕಾದ ಮೇಲೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. 800ರಲ್ಲಿ ಕ್ಲಚ್ಚಿಗೆ ಕೇಬಲ್ ಇದೆ. ಪೆಡಲಿನ ಮೇಲೆ ಬಲ ತಗುಲುವ ಮೊದಲು ಸುಮಾರು ಎರಡು ಸೆಂಟಿಮೀಟರ್ ಸುಮ್ಮನೆ ಓಡಬೇಕು. ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಮೊದಲು ಕೇಬಲ್ ಹೊಂದಿಸಿ, ಎಳೆ ಬಿಟ್ಟಿದ್ದರೆ ಹೊಸದು ಹಾಕಿಸಿ.

ಬೆಳಿಗ್ಗೆ ಮಾತ್ರ ಗಟ್ಟಿ, ಐದಾರು ಕಿಲೋಮೀಟರ್ ಓಡಿದ ಮೇಲೆ ಸರಿ ಅನ್ನುವುದಾದರೆ ಗೇರ್ ಎಣ್ಣೆ ನೋಡಿಸಿ. ಹಳಸಿದ ಅಥವಾ ತಪ್ಪು ಗ್ರೇಡಿನ ಎಣ್ಣೆ ಮಾಡುವ ಚೇಷ್ಟೆ ಅದು.

ಎಂಜಿನ್ ಬಂದ್ ಇರಲಿ ಚಾಲೂ ಇರಲಿ, ಎರಡರಲ್ಲೂ ಲಿವರು ಗಂಜಿಯಲ್ಲಿ ಸೌಟು ಆಡಿಸಿದಂತೆ ಆಡುತ್ತದೆ, ಯಾವ ಗೇರು ಎಲ್ಲಿದೆ ಎಂದು ಕೈಗೆ ಗೊತ್ತಾಗುತ್ತಿಲ್ಲ ಅನ್ನುವಿರಾ? ಹಾಗಾದರೆ ನೀವು ಸರಿಯಾದ ಬರಹವನ್ನೇ ಓದುತ್ತಿದ್ದೀರಿ.

ಎಷ್ಟು ಸಡಿಲ ಅಂತ ಅಳೆದಿಟ್ಟುಕೊಳ್ಳಿ, ಆಮೇಲೆ ರಿಪೇರಿಯಾಯಿತೋ ಇಲ್ಲವೋ ನೋಡಲು ಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಿ ಅಳೆದರೆ ಪ್ರಯೋಜನವಿಲ್ಲ. ಅಲ್ಲಿ ಲಿವರು ಅಡ್ಡಕ್ಕೆ ಓಡಾಡಲೇಬೇಕು, ಬಿಟ್ಟ ಕೂಡಲೇ ಸ್ಪ್ರಿಂಗಿನ ಬಲದಿಂದ ತನ್ನ ಜಾಗಕ್ಕೆ ಬರಬೇಕು. ಹಾಗೆ ಬರದೆ ಬಿಟ್ಟಲ್ಲೇ ಸೋತು ಬಿದ್ದುಕೊಂಡರೆ ಅದನ್ನೂ ಬರೆದುಕೊಳ್ಳಿ. ಅಳೆಯಬೇಕಾದದ್ದು ಮೂರನೇ ಗೇರಿನಲ್ಲಿ. ಎಂಜಿನ್ ಬಂದ್ ಮಾಡಿ ಮೂರಕ್ಕೆ ಹಾಕಿ, ಗುಬ್ಬಿಯ ಪಕ್ಕ ಸ್ಕೇಲ್ ಹಿಡಿದು ಒಂದು ಬೆರಳಿನಿಂದ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ತಳ್ಳಿ. ಬಲ ಹಾಕಬೇಡಿ, ಬಲ ಹಾಕಿದರೆ ರಬ್ಬರೂ ಮಣಿಯುತ್ತದೆ, ಲೆಕ್ಕ ತಪ್ಪುತ್ತದೆ. ಗುಬ್ಬಿಯಲ್ಲಿ ಕಂಡದ್ದನ್ನು ನೋಡಿ ಗಾಬರಿಯಾಗುವುದೂ ಬೇಡ. ಗುಂಡಿನಿಂದ ಮೇಲಿನ ಲಿವರು ಉದ್ದ, ಕೆಳಗಿನದು ಗಿಡ್ಡ. ಆದ್ದರಿಂದ ಕೆಳಗಿನ ಕೀಲಿನಲ್ಲಿ ಒಂದು ಮಿಲಿಮೀಟರ್ ಸವೆದರೆ ಮೇಲೆ ಅದು ಹಲವು ಪಟ್ಟಾಗಿ ಕಾಣುತ್ತದೆ. ಮೂರು ಕೀಲುಗಳಲ್ಲಿ ಚೂರು ಚೂರು ಸವೆತ ಇದ್ದರಂತೂ ಎಲ್ಲ ಕೂಡಿ ಕೈಗೆ ಬರುತ್ತದೆ.

ದೂರು ಏನು ಹೇಳುತ್ತದೆ

ಗಿರಾಕಿ ಹೇಳುವ ಮಾತನ್ನು ಪೂರ್ತಿ ಕೇಳಬೇಕು, ಅರ್ಧ ಉತ್ತರ ಅದರಲ್ಲೇ ಇರುತ್ತದೆ. ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ಬಂದು, "ಅಲ್ಲ ಮಾರಾಯ, ಎರಡರಿಂದ ಮೂರಕ್ಕೆ ಅಂತ ಹಾಕ್ತೇನೆ, ಅದು ಹೋಗಿ ಒಂದಕ್ಕೆ ಕೂರ್ತದೆ. ಗಾಡಿ ಮುಗ್ಗರಿಸ್ತದೆ" ಅಂದರು. "ಮೇಷ್ಟ್ರೆ, ಒಂದು ಎರಡು ಎಂಜಿನ್ ಬಂದ್ ಇದ್ದಾಗ ಸರಿಯಾಗಿ ಬೀಳ್ತದಾ?" "ಬೀಳೋದು ಎಲ್ಲಾ ಬೀಳ್ತದೆ. ಆದ್ರೆ ಯಾವ್ದು ಬಿತ್ತು ಅಂತ ಗಾಡಿ ಹೊರಟ ಮೇಲೇ ಗೊತ್ತಾಗೋದು." ಇದಕ್ಕಿಂತ ಸ್ಪಷ್ಟವಾಗಿ ಯಾವ ಮೆಕ್ಯಾನಿಕ್ಕೂ ಹೇಳಲಾರ. ಗೇರ್ ಬಾಕ್ಸ್ ಹೇಳಿದ ಗೇರನ್ನು ಹಾಕುತ್ತಿದೆ, ಕೈಯ ಮಾತು ಅದಕ್ಕೆ ಸರಿಯಾಗಿ ತಲುಪುತ್ತಿಲ್ಲ. ತಿರುಗುವಿಕೆ ಕಳೆದುಹೋಗುತ್ತಿದೆ. ಗೇರ್ ಬಾಕ್ಸಿನ ಕಡೆಯ ಕೀಲಿನ ಬುಷ್ ಪುಡಿಯಾಗಿತ್ತು.

ಮುಂದಕ್ಕೆ ತಳ್ಳುವ ಗೇರುಗಳು, ಅಂದರೆ ಒಂದು ಮತ್ತು ಮೂರು, ಎರಡೂ ಪೂರ್ತಿ ಕೂರುವುದಿಲ್ಲ, ಹಿಂದಕ್ಕೆ ಎಳೆಯುವ ಎರಡು ಮತ್ತು ನಾಲ್ಕು ಸರಿ ಇವೆ ಅನ್ನುವುದಾದರೆ ಲಿವರಿನ ಬುಡವೇ ಜಾಗ ಬಿಟ್ಟು ಸರಿದಿದೆ. ಒಂದೋ ಬುಡದ ಬೋಲ್ಟು ಸಡಿಲ, ಇಲ್ಲವೇ ಎಕ್ಸ್‌ಟೆನ್ಷನ್ ರಾಡಿನ ರಬ್ಬರ್ ಹೋಗಿದೆ. ಒಂದು ಸಲ ಹೀಗೆ ಬಂದ ಕಾರಿನಲ್ಲಿ ಹೊಸದಾಗಿ ಹಾಕಿಸಿದ ದಪ್ಪ ಕಾರ್ಪೆಟ್ಟಿಗೆ ಲಿವರು ಒತ್ತುತ್ತಿತ್ತು. ಬ್ಲೇಡಿನಲ್ಲಿ ಕಾರ್ಪೆಟ್ ಕೊಯ್ದದ್ದೇ ರಿಪೇರಿ.

ಒಂದೇ ಒಂದು ಗೇರು ಮಾತ್ರ ತೊಂದರೆ ಕೊಡುತ್ತಿದೆ, ಉಳಿದವು ಚೆನ್ನಾಗಿವೆ ಎಂದರೆ ನನ್ನ ಅನುಮಾನ ಗೇರ್ ಬಾಕ್ಸಿನ ಒಳಗೆ ಹೋಗುತ್ತದೆ. ಎರಡನೇ ಗೇರಿಗೆ ಇಳಿಸುವಾಗ ಮಾತ್ರ ಕರ್ರ್ ಅನ್ನುವುದು ಸಿಂಕ್ರೊ ರಿಂಗಿನ ಹಳೇ ಚಾಳಿ. ಅದಕ್ಕೆ ಎಷ್ಟು ಬುಷ್ ಹಾಕಿದರೂ ದಂಡ.

ಗೇರು ಹಾರುವ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ಖಾಲಿ ರಸ್ತೆಯಲ್ಲಿ ಆ ಗೇರಿನಲ್ಲಿ ಹೋಗುತ್ತಾ ಅಂಗೈಯನ್ನು ಗುಬ್ಬಿಗೆ ಮೆಲ್ಲಗೆ ತಾಗಿಸಿಟ್ಟು ಆಕ್ಸಿಲರೇಟರ್ ಒತ್ತಿ ಬಿಡಿ. ಒಂದೇ ಗೇರಿನಲ್ಲಿ, ಲಿವರು ಕೈಯನ್ನು ಒದ್ದುಕೊಂಡು ನ್ಯೂಟ್ರಲ್ಲಿಗೆ ಬಂದರೆ ಒಳಗಿನ ಹಲ್ಲು ಅಥವಾ ಹಿಡಿದಿಡುವ ಗುಂಡು–ಸ್ಪ್ರಿಂಗು ಸವೆದಿದೆ. ಎಲ್ಲಾ ಗೇರುಗಳಲ್ಲೂ, ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಲಿವರು ಓಲಾಡಿ ಆಮೇಲೆ ಹಾರುತ್ತದೆ ಎಂದರೆ ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗು ಮತ್ತು ಎಕ್ಸ್‌ಟೆನ್ಷನ್ ರಾಡು ನೋಡಿ. ಲಿವರು ಗೇರಿನ ಜಾಗದಲ್ಲೇ ಇದೆ, ಕಾರು ಮಾತ್ರ ಎಳೆಯುವುದನ್ನು ನಿಲ್ಲಿಸಿತು, ಲಿವರು ಎತ್ತ ಬೇಕಾದರೂ ಓಡಾಡುತ್ತಿದೆ ಅಂದರೆ ಕೀಲಿನ ಬೋಲ್ಟು ಬಿದ್ದುಹೋಗಿ ರಾಡು ಕಳಚಿದೆ.

ಈಗ ಕೆಳಗೆ

ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ಹೋಗುವವರನ್ನು ನಾನು ಗ್ಯಾರೇಜಿನಿಂದ ಓಡಿಸುತ್ತೇನೆ. ಸೈಜುಗಲ್ಲು, ಇಟ್ಟಿಗೆ, ಮರದ ದಿಮ್ಮಿಯ ಗೋಪುರ ಯಾವುದೂ ಬೇಡ. ಎರಡು ಒಳ್ಳೆಯ ಸ್ಟ್ಯಾಂಡು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡೆ, ಗಟ್ಟಿ ನೆಲ. ಅಂಗಳದ ಮಣ್ಣು ಮಳೆಗಾಲದಲ್ಲಿ ಕುಸಿಯುತ್ತದೆ, ಅಲ್ಲಿ ಈ ಕೆಲಸವೇ ಬೇಡ. ಸೈಲೆನ್ಸರ್ ಪೈಪ್ ಪೂರ್ತಿ ಆರಿರಲಿ. ಕೀಲಿ ಕೈ ನಿಮ್ಮ ಜೇಬಿನಲ್ಲಿರಲಿ, ಮೇಲೆ ಕೂತವರ ಕೈಯಲ್ಲಿ ಬೇಡ.

ಮೇಲೆ ಕೂರುವುದಕ್ಕೆ ಒಬ್ಬರು ಬೇಕೇ ಬೇಕು. ಮಗನೋ ಹೆಂಡತಿಯೋ ಯಾರಾದರೂ ಸರಿ, ನಿಧಾನವಾಗಿ ಲಿವರು ಆಡಿಸುವ ತಾಳ್ಮೆ ಇದ್ದವರು. "ಮುಂದೆ" ಎಂದಾಗ ಮುಂದೆ, "ಅಡ್ಡ" ಎಂದಾಗ ಅಡ್ಡ, ನಡುವೆ ಫೋನು ನೋಡುವ ಹಾಗಿಲ್ಲ. ನೀವು ಟಾರ್ಚು ಹಿಡಿದು ಒಂದೊಂದು ಕೀಲಿನ ಮೇಲೂ ಬೆರಳಿಡಬೇಕು. ಬೆರಳಿನ ಒಂದು ತುದಿ ರಾಡಿನ ಮೇಲೆ, ಇನ್ನೊಂದು ಅದು ಕೂಡುವ ಶಾಫ್ಟಿನ ಮೇಲೆ. ಎರಡೂ ಒಟ್ಟಿಗೆ ಹೊರಟರೆ ಆ ಕೀಲು ಸರಿ. ಒಂದು ಹೊರಟು ಇನ್ನೊಂದು ತಡವಾಗಿ ಹೊರಟರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಟಕ್ ಅಂತ ಸಿಗುತ್ತದೆ. ಈ ತಪಾಸಣೆಯ ಜೀವಾಳ ಇಷ್ಟೇ: ಚಲನೆ ಎಲ್ಲಿಯವರೆಗೆ ಬಂತು, ಎಲ್ಲಿ ಕಳೆದುಹೋಯಿತು.

ಶುರು ಮಾಡುವುದು ಗೇರ್ ಬಾಕ್ಸಿನ ಕಡೆಯಿಂದ. ಲಿವರಿನ ಕಡೆಯಿಂದ ಶುರು ಮಾಡಿದರೆ ಎಲ್ಲವೂ ಅಲ್ಲಾಡುವಂತೆ ಕಾಣುತ್ತದೆ, ತಲೆ ಕೆಡುತ್ತದೆ. ಗೇರ್ ಬಾಕ್ಸಿನಿಂದ ಹೊರಬಂದ ಶಾಫ್ಟನ್ನೇ ಮೊದಲು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅದು ತನ್ನ ತೂತಿನಲ್ಲೇ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಸುತ್ತ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದ್ದರೆ ಗೇರ್ ಬಾಕ್ಸಿನ ಕಡೆಯ ಬುಷ್ ಮತ್ತು ಸೀಲು ಹೋಗಿವೆ. ಅಲ್ಲಿಂದ ಎಣ್ಣೆ ಎಷ್ಟು ಹೋಗಿದೆ ಅಂತಲೂ ನೋಡಬೇಕಾಗುತ್ತದೆ.

ಆಮೇಲೆ ಶಾಫ್ಟೂ ರಾಡೂ ಕೂಡುವ ಬೋಲ್ಟಿನ ಕೀಲು. ಹೆಚ್ಚು ಪಾಲು ಕೇಸು ಇಲ್ಲೇ ಮುಗಿಯುತ್ತದೆ. ಬೋಲ್ಟಿನ ಸುತ್ತ ಇರಬೇಕಾದ ಬುಷ್ ಚೂರಾಗಿ ಉದುರಿಹೋಗಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿರುತ್ತದೆ. ಗೇರಿನಲ್ಲಿ ಹೋಗುವಾಗ ಲಿವರಿನ ಬುಡದಿಂದ ಝಣಝಣ ಸದ್ದು ಬಂದು, ಲಿವರಿಗೆ ಕೈ ಇಟ್ಟರೆ ನಿಲ್ಲುತ್ತಿದ್ದದ್ದು ಇದರದ್ದೇ ಸದ್ದು. ನಟ್ಟು ಬಿಚ್ಚಿ ಬೋಲ್ಟು ಹೊರತೆಗೆಯಿರಿ, 10, 12, 14 ನಂಬರಿನ ಸ್ಪ್ಯಾನರುಗಳು ಕೈಗೆ ಸಿಗುವಂತಿರಲಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಉಗುರು ಎಳೆದು ನೋಡಿ, ನಡುವೆ ಮೆಟ್ಟಿಲು ಸಿಕ್ಕರೆ ಬೋಲ್ಟೂ ಸವೆದಿದೆ. ತೂತನ್ನೂ ನೋಡಲೇಬೇಕು. ತೂತು ದುಂಡಗೆ ಉಳಿಯದೆ ಮೊಟ್ಟೆಯಾಕಾರ ಆಗಿದ್ದರೆ ಹೊಸ ಬುಷ್ ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ. ರಾಡನ್ನೇ ಬದಲಿಸಬೇಕು, ಸಿಗದಿದ್ದರೆ ಲೇತಿನವರ ಹತ್ತಿರ ತೂತು ದೊಡ್ಡದು ಮಾಡಿಸಿ ಸ್ಲೀವ್ ಹೊಡೆಸಬೇಕು. ಗುಜರಿಯಿಂದ ರಾಡು ತರುವುದಾದರೆ ನಿಮ್ಮ ಹಳೆಯದನ್ನು ಜೊತೆಗೆ ಒಯ್ದು ಪಕ್ಕಪಕ್ಕ ಇಟ್ಟು ಅಳತೆ ನೋಡಿ. ನಾಲ್ಕು ಗೇರಿನದ್ದೂ ಐದು ಗೇರಿನದ್ದೂ ಒಂದೇ ಅಂತ ಅಂಗಡಿಯವನು ಹೇಳಿದರೂ ನಂಬಿಕೊಂಡು ಬರಬೇಡಿ.

ರಾಡಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ. ತೋಟದ ದಾರಿಯ ನಡುವಿನ ದಿಬ್ಬಕ್ಕೆ ತಾಗಿ ಬಾಗಿದ ರಾಡುಗಳು ನಮ್ಮಲ್ಲಿ ಅಪರೂಪವಲ್ಲ.

ಎಲ್ಲರೂ ಬಿಡುವ ರಾಡು

ಈಗ ಎಕ್ಸ್‌ಟೆನ್ಷನ್ ರಾಡಿನ ಕಥೆ. ಅಡ್ಡ ಕೂತ ಎಂಜಿನ್ ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ ವಾಲುತ್ತದೆ, ಬಿಟ್ಟಾಗ ಇನ್ನೊಂದು ಕಡೆ. ರಬ್ಬರ್ ಮೌಂಟಿಂಗಿನ ಮೇಲೆ ಕೂತ ಮೇಲೆ ವಾಲಲೇಬೇಕು. ಅದರ ಜೊತೆ ಗೇರ್ ಬಾಕ್ಸೂ ವಾಲುತ್ತದೆ, ಶಾಫ್ಟೂ ಸರಿಯುತ್ತದೆ. ಆದರೆ ಲಿವರಿನ ಬುಡ ಕಾರಿನ ನೆಲಕ್ಕೆ ಬಿಗಿಯಾಗಿ ನಿಂತಿದ್ದರೆ ಏನಾಗುತ್ತದೆ? ಗೇರ್ ಬಾಕ್ಸ್ ಮುಂದೆ ಹೋದಷ್ಟೂ ರಾಡು ಶಾಫ್ಟನ್ನು ಹಿಂದೆ ಹಿಡಿದು ಎಳೆಯುತ್ತದೆ. ಅಂದರೆ ಯಾರೂ ಮುಟ್ಟದೆ ಗೇರನ್ನು ಹೊರಗೆ ಎಳೆದಂತಾಯಿತು. ಹಾಗಾಗಬಾರದೆಂದೇ ಲಿವರಿನ ಬುಡವನ್ನು ನೆಲದ ಮೇಲೆ ರಬ್ಬರಿನಲ್ಲಿ ತೇಲಿಬಿಟ್ಟು, ಈ ರಾಡಿನಿಂದ ಗೇರ್ ಬಾಕ್ಸಿಗೆ ಕಟ್ಟಿದ್ದಾರೆ. ಎಂಜಿನ್ ಅಲ್ಲಾಡಿದರೆ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತದೆ, ಒಂದಕ್ಕೊಂದರ ದೂರ ಬದಲಾಗುವುದಿಲ್ಲ. ಅದಕ್ಕೇ ಇಂಥ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಲಿವರು ಚೂರು ಅಲುಗುವುದು ದೋಷವಲ್ಲ, ಅದರ ರಚನೆಯೇ ಹಾಗೆ. ಅದನ್ನು ನಿಲ್ಲಿಸಲಿಕ್ಕೆಂದು ಬುಡದ ರಬ್ಬರ್ ತೆಗೆದು ನೇರ ನೆಲಕ್ಕೆ ಬೋಲ್ಟು ಬಿಗಿಸಿದ್ದನ್ನು ನೋಡಿದ್ದೇನೆ. ಆ ಕಾರು ಪ್ರತಿ ಏರಿನಲ್ಲೂ ಗೇರು ಹಾರಿಸುತ್ತಿತ್ತು.

ಈ ರಾಡಿನ ಗೇರ್ ಬಾಕ್ಸ್ ಕಡೆಯ ತುದಿಯ ರಬ್ಬರ್ ಬುಷ್ ಹೋದರೆ ಕಟ್ಟು ಬಿಚ್ಚಿದಂತೆ. ಪರೀಕ್ಷೆ ಸುಲಭ. ರಾಡನ್ನು ಮುಷ್ಟಿಯಲ್ಲಿ ಹಿಡಿದು ಉದ್ದಕ್ಕೆ ಎಳೆದು ತಳ್ಳಿ. ಒಳ್ಳೆಯ ರಬ್ಬರ್ ಬಿಗಿಯಾಗಿ ಚೂರೇ ಮಣಿದು ವಾಪಸ್ ಬರುತ್ತದೆ. ಹೋದದ್ದಾದರೆ ಟಕಟಕ ಅನ್ನುತ್ತದೆ, ನಡುವೆ ಬೆಳಕು ಕಾಣುತ್ತದೆ. ನಟ್ಟು ಸಡಿಲವೋ ನೋಡಿ. ಮುಖ್ಯ ಕೀಲಿಗೆ ಹೊಸ ಬುಷ್ ಹಾಕಿಸಿಯೂ "ಸರಿಯಾಗಲೇ ಇಲ್ಲ" ಅನ್ನುವವರ ಕಾರಿನಲ್ಲಿ ನಾನು ಮೊದಲು ಮುಟ್ಟುವುದು ಇದನ್ನೇ.

ಮೇಲಿನಿಂದ ಲಿವರಿನ ರಬ್ಬರ್ ಬೂಟು ಎತ್ತಿದರೆ ಬುಡ ಕಾಣುತ್ತದೆ. ಬುಡದ ನಟ್ಟುಗಳು ಬಿಗಿ ಇವೆಯೇ, ಗುಂಡು ಕೂತ ಪ್ಲಾಸ್ಟಿಕ್ ಸೀಟು ಒಡೆದಿದೆಯೇ, ಗ್ರೀಸು ಇದೆಯೇ ನೋಡಿ. ಗುಂಡು ಸೀಟಿನೊಳಗೆ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಸೀಟು ಬದಲಿಸಿ. ಬೂಟು ಹರಿದಿದ್ದರೆ ಅದನ್ನೂ ಬದಲಿಸಿ, ಅದು ಬರೀ ಅಂದಕ್ಕೆ ಇರುವುದಲ್ಲ.

ಮೌಂಟಿಂಗು ನೋಡಲು ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಬಲವಾಗಿ ಎಳೆದು, ಅನುಭವ ಇದ್ದವರನ್ನು ಸೀಟಿನಲ್ಲಿ ಕೂರಿಸಿ. ಬ್ರೇಕ್ ತುಳಿದೇ ಇರಲಿ. ಒಂದನೇ ಗೇರಿನಲ್ಲಿ ಕ್ಲಚ್ ಚೂರೇ ಚೂರು ಬಿಟ್ಟು ತಕ್ಷಣ ತುಳಿಯಲಿ. ಎಂಜಿನ್ ತುಸು ವಾಲಿ ನಿಲ್ಲಬೇಕು. ಎದ್ದು ಕುಣಿದು ಢಬ್ ಅಂದರೆ ರಬ್ಬರ್ ಹರಿದಿದೆ. ಕಾರಿನ ಮುಂದೆ ನಿಂತು ಇದನ್ನು ನೋಡಬೇಡಿ, ಪಕ್ಕದಲ್ಲಿ ನಿಲ್ಲಿ.

ಹಾಕುವಾಗ

ಬುಷ್ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಸುಲಭಕ್ಕೆ ಬೀಳುವ ಮೆದು ಪ್ಲಾಸ್ಟಿಕ್ ಹೆಚ್ಚು ದಿನ ಬಾಳುವುದಿಲ್ಲ. ಹಳೇ ಗ್ರೀಸು, ಮಣ್ಣು ತೊಳೆಯಲು ಸೀಮೆಎಣ್ಣೆ ಸರಿ, ಆದರೆ ಅದು ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ. ಸೀಮೆಎಣ್ಣೆಗೂ ಸಾಮಾನ್ಯ ಗ್ರೀಸಿಗೂ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ನೈಲಾನಿಗೆ ಲಿಥಿಯಂ ಗ್ರೀಸು ಸಾಕು, ರಬ್ಬರ್ ಇರುವಲ್ಲಿ ಸಿಲಿಕಾನ್ ಗ್ರೀಸು. ನೈಲಾನ್ ರಿಂಗಿನ ಲಾಕ್ ನಟ್ಟು ಇದ್ದರೆ ಹಳೆಯದನ್ನೇ ಮತ್ತೆ ಹಾಕಬೇಡಿ. ಬಿಗಿಸಿದ ಮೇಲೆ ಕೀಲು ಕೈಯಲ್ಲಿ ಮಣಿಯಬೇಕು, ಕಚ್ಚಿ ನಿಂತರೆ ಬಿಗಿ ಜಾಸ್ತಿಯಾಗಿದೆ ಅಥವಾ ಬುಷ್ ಬೇರೆ ಅಳತೆಯದು.

ದಾರಿಯಲ್ಲಿ ಕೈಕೊಟ್ಟಾಗ ಸೈಕಲ್ ಟ್ಯೂಬಿನ ಪಟ್ಟಿ ಕೊಯ್ದು ಬೋಲ್ಟಿಗೆ ಸುತ್ತಿ ಮನೆ ಮುಟ್ಟುವ ಉಪಾಯ ಹಳೆಯದು, ನನಗೆ ತಕರಾರಿಲ್ಲ. ಮನೆ ಮುಟ್ಟಿದ ಮೇಲೆ ತೆಗೆಯಬೇಕು ಅಷ್ಟೇ. ನನಗೆ ಸಿಟ್ಟು ಬರುವುದು ವೆಲ್ಡಿಂಗ್ ನೋಡಿದರೆ. ಸಡಿಲ ಆಗುತ್ತದೆ ಅಂತ ಕೀಲನ್ನೇ ಬೆಸೆದುಬಿಟ್ಟ ಕಾರು ಒಂದು ಬಂದಿತ್ತು, ಯಾರು ಮಾಡಿದ್ದೋ ಕೇಳಲಿಲ್ಲ. ಆ ಕೀಲು ಮಣಿಯಲೆಂದೇ ಇರುವುದು. ಮಣಿಯದಿದ್ದರೆ ಎಂಜಿನ್ನಿನ ಪ್ರತಿಯೊಂದು ಕುಲುಕೂ ನೇರ ಗೇರ್ ಬಾಕ್ಸಿನ ಸೀಲಿಗೆ ಹೋಗುತ್ತದೆ. ಅಲ್ಲಿ ಸೀಲು ಹೋಗಿ ಎಣ್ಣೆಯೆಲ್ಲ ಸುರಿದು, ಕೊನೆಗೆ ನಿಜವಾಗಿಯೂ ಗೇರ್ ಬಾಕ್ಸ್ ಇಳಿಸಬೇಕಾಯಿತು.

ರಾಡು ದಾರಿಯಲ್ಲೇ ಪೂರ್ತಿ ಕಳಚಿದರೆ ಯಾವ ಗೇರು ಬಿದ್ದಿತ್ತೋ ಅದರಲ್ಲೇ ಗಾಡಿ ನಿಲ್ಲುತ್ತದೆ. ಒಂದೋ ಎರಡೋ ಆಗಿದ್ದರೆ ಕ್ಲಚ್ ತುಳಿದು ಚಾಲೂ ಮಾಡಿ, ನಿಧಾನಕ್ಕೆ ಪಕ್ಕದ ಊರಿನವರೆಗೆ ಹೋಗಬಹುದು, ನಿಂತಾಗಲೆಲ್ಲ ಕ್ಲಚ್ ತುಳಿದೇ ಇರಬೇಕು. ಘಾಟಿಯಲ್ಲಿ ಮಾತ್ರ ಈ ಸಾಹಸ ಬೇಡ.

ಹಳೇ ಪದ್ಮಿನಿ, ಹಳೇ ಅಂಬಾಸಿಡರ್ ಇಟ್ಟುಕೊಂಡವರು ಕೇಳುತ್ತಾರೆ ಅಂತ ಎರಡು ಮಾತು. ಅಲ್ಲಿ ಲಿವರು ಸ್ಟೀರಿಂಗ್ ಕೊಳವೆಯ ಪಕ್ಕ, ಸಾಲು ಆರಿಸುವ ಚಲನೆಗೂ ಗೇರು ಹಾಕುವ ಚಲನೆಗೂ ಬೇರೆ ಬೇರೆ ದಾರಿ. ಕೀಲುಗಳು ಹೆಚ್ಚು, ಸಡಿಲವೂ ಹೆಚ್ಚು. ಎರಡು ಸಾಲಿನ ನಡುವೆ ಸಿಕ್ಕಿಕೊಂಡು ಗೇರು ಅಲುಗದೆ ನಿಂತಾಗ ಬಾನೆಟ್ ತೆಗೆದು ಕೈ ಹಾಕಿ ಬಿಡಿಸುವುದು ಆ ಕಾಲದ ಟ್ಯಾಕ್ಸಿಯವರಿಗೆಲ್ಲ ಗೊತ್ತಿದ್ದ ವಿದ್ಯೆ. ತಪಾಸಣೆ ಅದೇ: ಒಬ್ಬರು ಆಡಿಸಬೇಕು, ಒಬ್ಬರು ಬೆರಳಿಡಬೇಕು. ಜೀಪಿನವರಿಗೆ ಈ ಬರಹ ಬೇಡ, ಅಲ್ಲಿ ಲಿವರು ನೇರ ಗೇರ್ ಬಾಕ್ಸಿನ ತಲೆಯ ಮೇಲೆಯೇ ಕೂತಿದೆ. ಲೊಡಲೊಡ ಅಂದರೆ ಲಿವರಿನ ಬುಡದ ಸ್ಪ್ರಿಂಗು, ಸೀಟು ನೋಡಿದರಾಯಿತು.

ಎಲ್ಲ ಹಾಕಿದ ಮೇಲೆ ಸ್ಕೇಲ್ ಹಿಡಿದು ಮೂರನೇ ಗೇರಿನಲ್ಲಿ ಮತ್ತೆ ಅಳೆಯಿರಿ, ಮೊದಲಿನದಕ್ಕೆ ಹೋಲಿಸಿ. ನಿಂತಲ್ಲೇ ಎಲ್ಲ ಗೇರು, ರಿವರ್ಸ್ ಕೂಡ, ಹಾಕಿ ತೆಗೆಯಿರಿ. ರಸ್ತೆಗೆ ಇಳಿದ ಮೇಲೆ ಒಂದು ಏರು ಹುಡುಕಿ, ಎರಡರಲ್ಲಿ ಹತ್ತುತ್ತಾ ಆಕ್ಸಿಲರೇಟರ್ ಒಮ್ಮೆ ಪೂರ್ತಿ ಬಿಟ್ಟು ಮತ್ತೆ ಒತ್ತಿ, ಮೂರರಲ್ಲೂ ಹಾಗೇ ಮಾಡಿ. ನಮ್ಮಲ್ಲಿ ಇದಕ್ಕೆ ಏರಿನ ಬರಗಾಲವಿಲ್ಲ. ಆಗುಂಬೆ ಘಾಟಿಯ ತಿರುವುಗಳಿಗೆ ಮಾತ್ರ ಅದೇ ದಿನ ಹೋಗಬೇಡಿ, ಮೊದಲು ಹತ್ತಿರದ ಏರಿನಲ್ಲಿ ನಂಬಿಕೆ ಬರಲಿ. ನೂರು ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕಾರನ್ನು ಸ್ಟ್ಯಾಂಡಿಗೆ ಹಾಕಿ ಕೀಲಿನ ನಟ್ಟನ್ನೂ ಎಕ್ಸ್‌ಟೆನ್ಷನ್ ರಾಡಿನ ನಟ್ಟನ್ನೂ ಸ್ಪ್ಯಾನರ್ ಹಾಕಿ ನೋಡಿ. ಹೊಸ ಬುಷ್ ತನ್ನ ಜಾಗದಲ್ಲಿ ಕೂತ ಮೇಲೆ ಕೆಲವೊಮ್ಮೆ ಕಾಲು ಸುತ್ತು ಬಿಗಿ ಬೇಡುತ್ತದೆ.